ಕುಕ್ಕುಟಲಕ್ಷಣಗ್ರಂಥಗಳ ಪ್ರಾಮಾಣ್ಯವಿಚಾರ

೧

ಕೋಳಿಯ ತಳಿಗಳನ್ನು ವಿವರಿಸುವ ಕೈಪಿಡಿಗಳ ವಿಮರ್ಶೆಗೆ ವಿದ್ವತ್ಪತ್ರಿಕೆಯೊಂದರಲ್ಲಿ ಅವಕಾಶವುಂಟೇ ಎಂದು ಕೆಲವು ವಾಚಕಮಹಾಶಯರು ಶಂಕಿಸಬಹುದು. ಈ ಶಂಕೆಗೆ ನಮ್ಮ ಪ್ರಾಚೀನರೇ ಸಮಾಧಾನವನ್ನು ಹೇಳಿಟ್ಟಿದ್ದಾರೆ. ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯಲ್ಲಿ ಗೋವು, ಅಶ್ವ, ಗಜ ಮೊದಲಾದವುಗಳ ಲಕ್ಷಣಗಳನ್ನು ನಿರೂಪಿಸುವಾಗ ಕುಕ್ಕುಟಲಕ್ಷಣಕ್ಕೂ ಪ್ರತ್ಯೇಕವಾಗಿ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ಪಾಣಿನಿಯ ಹ್ರಸ್ವ ದೀರ್ಘ ಪ್ಲುತ ಸಂಜ್ಞೆಗಳನ್ನು ಬೋಧಿಸುವ ಅಧ್ಯಾಪಕರು ಕೋಳಿಯ ಕೂಗನ್ನು ದೃಷ್ಟಾಂತವಾಗಿ ಕೊಡುವುದು ಪಾಠಶಾಲೆಗಳಲ್ಲಿ ಓದಿದವರಿಗೆಲ್ಲ ತಿಳಿದಿದೆ. ಗ್ರಾಮ್ಯಕುಕ್ಕುಟವನ್ನು ತಿನ್ನಬಾರದೆಂದರೆ ಆರಣ್ಯಕುಕ್ಕುಟಕ್ಕೆ ಅನುಜ್ಞೆಯು ಅರ್ಥಾತ್ ಸಿದ್ಧಿಸುವುದೆಂಬ ವಿಚಾರವು ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿಯೇ ಬಂದಿದೆ. ಶಾಸ್ತ್ರಕಾರರು ಹೀನವೆಂದು ಭಾವಿಸದ ವಸ್ತುವನ್ನು ನಾವು ಹೀನವೆಂದು ಭಾವಿಸತಕ್ಕ ಕಾರಣವಿಲ್ಲ.

ಪ್ರಕೃತ ವಿಚಾರಕ್ಕೆ ಬೇರೊಂದು ಪ್ರಯೋಜನವೂ ಉಂಟು. ಗ್ರಾಮಗಳ ಶಾಲೆಗಳಿಗೂ ಪುಸ್ತಕಭಂಡಾರಗಳಿಗೂ ಗ್ರಂಥಗಳನ್ನು ಆರಿಸುವ ಭಾರವು ಬಹುಮಟ್ಟಿಗೆ ಭಾಷೋಪಾಧ್ಯಾಯರ ಮೇಲೆಯೇ ಬೀಳುತ್ತದೆ. ಕಾವ್ಯನಾಟಕಗಳ ವಿಷಯದಲ್ಲಿ ಅವರು ನಿಸ್ಸಂಕೋಚವಾಗಿ ತೀರ್ಪು ಹೇಳುವರು. ಕೃಷಿ, ಪಶುಪಾಲನೆ, ಕೋಳಿಸಾಕಣೆಗಳ ಪುಸ್ತಕ ಎದುರಿಗೆ ಬಂದಾಗ ಮಾತ್ರ ಚಿತ್ರಗಳ ಅಂದವನ್ನೂ ಪುಟಗಳ ಸಂಖ್ಯೆಯನ್ನೂ ನೋಡಿ ಸುಮ್ಮನಾಗುವರು. ಇದು ಯುಕ್ತವಲ್ಲ. ಆ ಪುಸ್ತಕವನ್ನು ನಂಬಿ ನಾಲ್ಕು ಕಾಸು ಕೂಡಿಸಿ ಮರಿಗಳನ್ನು ಕೊಳ್ಳುವವನು ಹೊಸಬನು. ಕಾವ್ಯದಲ್ಲಿ ದೋಷವಿದ್ದರೆ ರಸಭಂಗವಾದೀತು. ಇಂತಹ ಕೈಪಿಡಿಯಲ್ಲಿ ದೋಷವಿದ್ದರೆ ಬಡವನೊಬ್ಬನ ದುಡ್ಡು ಹೋಗುವುದಲ್ಲದೆ ಮೂಕಪ್ರಾಣಿಗಳಿಗೂ ಹಿಂಸೆಯಾಗುವುದು. ಗ್ರಂಥದ ವಾಕ್ಯವನ್ನು ಪರೀಕ್ಷಿಸುವುದಕ್ಕೆ ಕೋಳಿಯನ್ನು ಸಾಕಿಯೇ ಇರಬೇಕೆಂಬ ನಿಯಮವಿಲ್ಲ. ಯಾವ ವಾಕ್ಯಕ್ಕೆ ಯಾವ ಪ್ರಮಾಣವು ತಕ್ಕುದೆಂಬ ವಿವೇಕವಿದ್ದರೆ ಪರೀಕ್ಷೆಯ ಬಹುಭಾಗವು ನಡೆದುಹೋಗುತ್ತದೆ.

ತಳಿಗಳನ್ನು ಕುರಿತ ಯಾವ ಗ್ರಂಥವನ್ನು ತೆಗೆದು ನೋಡಿದರೂ ಅದರಲ್ಲಿ ಮೂರು ಬಗೆಯ ವಾಕ್ಯಗಳು ಕಂಡುಬರುತ್ತವೆ. ಈ ತಳಿಯೆಂದರೆ ಇಂಥಿಂಥ ರೂಪವುಳ್ಳದ್ದು ಎಂದು ಹೇಳತಕ್ಕವು ಲಕ್ಷಣವಾಕ್ಯಗಳು. ಇದು ಇಂಥ ದೇಶದಲ್ಲಿ ಇಂಥವರಿಂದ ಹುಟ್ಟಿತು ಎನ್ನತಕ್ಕವು ಇತಿಹಾಸವಾಕ್ಯಗಳು. ಇದು ಇಷ್ಟು ಮೊಟ್ಟೆಯಿಡುವುದು, ಸಾಧುಸ್ವಭಾವದ್ದು, ಚಳಿಯನ್ನು ತಡೆಯುವುದು ಎನ್ನತಕ್ಕವು ಗುಣವಾಕ್ಯಗಳು. ಈ ಮೂರಕ್ಕೂ ಪ್ರಮಾಣವು ಬೇರೆ ಬೇರೆ. ಇವುಗಳ ಭೇದವನ್ನು ತಾನೂ ತಿಳಿದು ಓದುವವನಿಗೂ ತಿಳಿಸಿಕೊಡುವ ಗ್ರಂಥವೇ ಹೊಸಬನಿಗೆ ವಿಶ್ವಾಸಾರ್ಹವೆಂದೂ, ಮೂರನ್ನೂ ಒಂದೇ ಧ್ವನಿಯಲ್ಲಿ ಹೇಳಿಕೊಂಡು ಹೋಗುವ ಗ್ರಂಥವು ಎಷ್ಟೇ ಸುಂದರವಾಗಿದ್ದರೂ ತ್ಯಾಜ್ಯವೆಂದೂ ಈ ಲೇಖನದ ಪ್ರತಿಜ್ಞೆ.

೨

ಮೊದಲು ಲಕ್ಷಣವಾಕ್ಯಗಳನ್ನು ನೋಡೋಣ. ಅಮೆರಿಕದ ಬೋಸ್ಟನ್ ನಗರದಲ್ಲಿ ೧೮೪೯ರಲ್ಲಿ ಕೋಳಿಗಳ ಮಹಾಪ್ರದರ್ಶನವೊಂದು ನಡೆಯಿತು. ಇಂಗ್ಲೆಂಡಿನಲ್ಲಿಯೂ ಅದೇ ಕಾಲದಲ್ಲಿ ಇಂತಹ ಪ್ರದರ್ಶನಗಳು ಹಬ್ಬಿದುವು. ಬಹುಮಾನ ಕೊಡಬೇಕಾದರೆ ಯಾವುದು ಶುದ್ಧ, ಯಾವುದು ದೋಷಯುಕ್ತ ಎಂಬ ನಿರ್ಣಯ ಬೇಕಾಯಿತು. ಆದುದರಿಂದ ೧೮೬೫ರಲ್ಲಿ ಲಂಡನ್ನಿನಲ್ಲಿ ಟೆಗೆಟ್‌ಮೈಯರ್ ಎಂಬ ವಿದ್ವಾಂಸನ ಸಂಪಾದಕತ್ವದಲ್ಲಿ ‘ಸ್ಟ್ಯಾಂಡರ್ಡ್ ಆಫ್ ಎಕ್ಸೆಲೆನ್ಸ್’ ಎಂಬ ಲಕ್ಷಣಗ್ರಂಥವು ಪ್ರಕಟವಾಯಿತು. ೧೮೭೩ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಸ್ಥಾಪಿತವಾಗಿ, ೧೮೭೪ರಲ್ಲಿ ತನ್ನದೇ ಆದ ಲಕ್ಷಣಗ್ರಂಥವನ್ನು ಹೊರತಂದಿತು. ‘ಸ್ಟ್ಯಾಂಡರ್ಡ್ ಆಫ್ ಪರ್ಫೆಕ್ಷನ್’ ಎಂದು ಪ್ರಸಿದ್ಧವಾಗಿ ಪುನಃಪುನಃ ಪರಿಷ್ಕೃತವಾಗುತ್ತಾ ಬಂದಿರುವ ಗ್ರಂಥವು ಇದೇ. ಬ್ರಿಟನ್ನಿನಲ್ಲಿ ೧೮೭೭ರಲ್ಲಿ ಹುಟ್ಟಿದ ಪೌಲ್ಟ್ರಿ ಕ್ಲಬ್ಬು ಅಲ್ಲಿಯ ಲಕ್ಷಣಗಳಿಗೆ ಅಧಿಕಾರಸ್ಥಾನವಾಗಿದೆ.

ಈ ಗ್ರಂಥಗಳ ವಾಕ್ಯಗಳು ಸಾಂಕೇತಿಕವಾದುವು. ಪಾಣಿನಿಯ ನದೀಸಂಜ್ಞೆಯಲ್ಲಿ ಯಾರೂ ನೀರನ್ನು ಹುಡುಕುವುದಿಲ್ಲ. ಶಾಸ್ತ್ರಕಾರನು ಯಾವ ಶಬ್ದಗಳಿಗೆ ಆ ಹೆಸರಿಟ್ಟನೋ ಅವೇ ನದಿಗಳು. ಹಾಗೆಯೇ ಹಗುರಬಣ್ಣದ ಬ್ರಹ್ಮ ತಳಿಯ ಬೆಳೆದ ಹುಂಜವು ೧೨ ಪೌಂಡು, ಹೇಂಟೆಯು ೯½ ಪೌಂಡು ತೂಗಬೇಕೆಂದು ಅಮೆರಿಕದ ಸಂಘವು ವಿಧಿಸಿದರೆ ಅದು ಆ ಸಂಘದ ಸಂಕೇತ. ಲೆಗ್‌ಹಾರ್ನ್ ಹುಂಜಕ್ಕೆ ೬ ಪೌಂಡು, ಹೇಂಟೆಗೆ ೪½ ಪೌಂಡು ಎಂಬುದೂ ಹಾಗೆಯೇ. ಇಂತಹ ವಾಕ್ಯಕ್ಕೆ ಸಂಕೇತವನ್ನು ಮಾಡಿದವನ ಮಾತೇ ಪ್ರಮಾಣ. ಆದುದರಿಂದ ಹೊಸಬರ ಕೈಪಿಡಿಯೊಂದು ಯಾವ ಸಂಘದ, ಯಾವ ವರ್ಷದ ಮುದ್ರಣವನ್ನು ಅನುಸರಿಸಿದೆಯೆಂಬುದನ್ನು ಹೇಳದೆ ಹೋದರೆ ಅದರ ಲಕ್ಷಣವಾಕ್ಯಗಳು ನಿರಾಧಾರವಾಗುತ್ತವೆ.

ಸಂಕೇತಗಳು ದೇಶಭೇದದಿಂದ ಬದಲಾಗುವುದಕ್ಕೆ ಅರೌಕಾನ ಎಂಬ ಕೋಳಿಯೇ ಸಾಕ್ಷಿ. ೧೯೭೬ರಲ್ಲಿ ಅಮೆರಿಕದ ಸಂಘವು ಅಂಗೀಕರಿಸಿದ ಅರೌಕಾನಕ್ಕೆ ಬಾಲವಿಲ್ಲ, ಕಿವಿಯ ಬಳಿ ಗರಿಯ ಕುಚ್ಚುಗಳುಂಟು. ಬ್ರಿಟನ್ನಿನ ಲಕ್ಷಣಗ್ರಂಥದಲ್ಲಿ ಬರಿಯ ಅರೌಕಾನವೆಂದರೆ ಬಾಲವೂ ಗಡ್ಡದಂತಹ ಗರಿಯೂ ಉಳ್ಳದ್ದು. ಬಾಲವಿಲ್ಲದ್ದು ಅಲ್ಲಿ ಬೇರೆ ಹೆಸರಿನಿಂದ ಗಣಿತವಾಗಿದೆ. ಬಾಲ, ಗಡ್ಡ, ನೀಲಿಯ ಮೊಟ್ಟೆ ಇವುಗಳುಳ್ಳ ಕೋಳಿಯೊಂದನ್ನು ಅಮೆರಿಕದವರು ೧೯೮೪ರಲ್ಲಿ ಅಮೆರೌಕಾನವೆಂಬ ಹೆಸರಿನಿಂದ ಅಂಗೀಕರಿಸಿದರು. ಇವು ಯಾವುವೂ ಅಲ್ಲದೆ ನೀಲಿ, ಹಸುರು ಮೊಟ್ಟೆಗಳನ್ನಿಡುವ ಮಿಶ್ರಕೋಳಿಗಳನ್ನು ಮರಿ ಮಾರುವವರು ಬಹುಕಾಲ ಈ ಎರಡು ಹೆಸರುಗಳಿಂದಲೂ ಮಾರಿದರು. ಈ ಗೊಂದಲವನ್ನು ಬಿಡಿಸಿ ಹೇಳದ ಕೈಪಿಡಿಯಿಂದ ಹೊಸಬನಿಗೆ ಏನು ಉಪಕಾರ? ಇಲ್ಲಿ ಇನ್ನೂ ಗುರುತರವಾದ ಸಂಗತಿಯುಂಟು. ಕಿವಿಯ ಕುಚ್ಚಿಗೆ ಕಾರಣವಾದ ಬೀಜಾಂಶವು ತಾಯಿತಂದೆಗಳಿಬ್ಬರಿಂದಲೂ ಬಂದರೆ ಮರಿಯು ಮೊಟ್ಟೆಯೊಳಗೇ ಸಾಯುತ್ತದೆ. ಕುಚ್ಚುಳ್ಳ ಜೋಡಿಯನ್ನು ಕೂಡಿಸಿದವನು ನಾಲ್ಕರಲ್ಲಿ ಒಂದು ಪಾಲನ್ನು ಹೀಗೆ ಕಳೆದುಕೊಳ್ಳಬೇಕಾಗುವುದು. ಕುಚ್ಚಿನ ಸೊಗಸನ್ನು ವರ್ಣಿಸಿ ಈ ಮಾತನ್ನು ಬಿಡುವ ಗ್ರಂಥಕಾರನು ಹೊಸಬನಿಗೆ ಅತ್ಯಗತ್ಯವಾದುದನ್ನೇ ಮರೆಸಿದಂತಾಯಿತು.

ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ಲಕ್ಷಣದ ಮೂರು ದೋಷಗಳು ಗೊತ್ತು. ಗೋವೆಂದರೆ ಕಪಿಲವರ್ಣದ್ದು ಎಂದರೆ ಅವ್ಯಾಪ್ತಿ, ಕೊಂಬುಳ್ಳದ್ದು ಎಂದರೆ ಅತಿವ್ಯಾಪ್ತಿ, ಒಂಟಿ ಗೊರಸಿನದು ಎಂದರೆ ಅಸಂಭವ. ನಿಕೃಷ್ಟವಾದ ಕೈಪಿಡಿಗಳಲ್ಲಿ ಈ ಮೂರಕ್ಕೂ ಕೋಳಿಗಳ ಉದಾಹರಣೆಗಳು ಯಥೇಷ್ಟವಾಗಿ ದೊರೆಯುತ್ತವೆ. ಲೆಗ್‌ಹಾರ್ನ್ ಎಂದರೆ ಬಿಳಿಯ ಕೋಳಿ ಎಂದು ಬರೆದರೆ ಅವ್ಯಾಪ್ತಿ. ಕಂದು, ಕಪ್ಪು, ಹೊಂಬಣ್ಣದ ಲೆಗ್‌ಹಾರ್ನುಗಳೂ ಉಂಟು. ನೀಲಿಯ ಮೊಟ್ಟೆಯಿಡುವುದೇ ಅರೌಕಾನ ಎಂದರೆ ಅತಿವ್ಯಾಪ್ತಿ. ಅಮೆರೌಕಾನಕ್ಕೂ ಮಿಶ್ರಕೋಳಿಗಳಿಗೂ ಅದು ಸಲ್ಲುವುದು. ಮಧ್ಯಪ್ರದೇಶದ ಝಾಬುವಾ ಪ್ರಾಂತದ ಕಡಕ್‌ನಾಥ್ ಕೋಳಿಯು ಕಪ್ಪು ಮೊಟ್ಟೆಯನ್ನಿಡುವುದು ಎಂದರೆ ಅಸಂಭವ. ಆ ಕೋಳಿಯ ಚರ್ಮ, ಮಾಂಸ, ಮೂಳೆಯ ಹೊದಿಕೆಯವರೆಗೆ ಕಪ್ಪಿರುವುದು ನಿಜ. ಮೊಟ್ಟೆ ಮಾತ್ರ ತೆಳುಗಂದು ಬಣ್ಣದ್ದೇ. ೨೦೧೮ರಲ್ಲಿ ಝಾಬುವಾದ ಕಡಕ್‌ನಾಥಿಗೆ ಭೌಗೋಳಿಕ ಗುರುತು ದೊರೆತ ಮೇಲೆ ಈ ಕೋಳಿಯ ಹೆಸರು ಎಲ್ಲೆಲ್ಲಿಯೂ ಹರಡಿತು. ಹೆಸರಿನ ಜೊತೆಗೆ ಇಂತಹ ವದಂತಿಗಳೂ ಹರಡಿದುವು.

ಚಿತ್ರಗಳ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಅಮೆರಿಕದ ಲಕ್ಷಣಗ್ರಂಥಕ್ಕೆ ಚಿತ್ರಗಳನ್ನು ಬರೆದವರಲ್ಲಿ ಸ್ಯೂಯೆಲ್, ಶಿಲ್ಲಿಂಗ್ ಎಂಬ ಚಿತ್ರಕಾರರು ಪ್ರಸಿದ್ಧರು. ಅವರು ಬರೆದದ್ದು ಆದರ್ಶಪಕ್ಷಿಯನ್ನು. ದೇವತಾಮೂರ್ತಿಯ ಧ್ಯಾನಶ್ಲೋಕವು ಶಿಲ್ಪಿಗೆ ಹೇಗೋ ಹಾಗೆ ಆ ಚಿತ್ರಗಳು ತಳಿಗಾರನಿಗೆ. ಅಂತಹ ಹುಂಜವೇ ಸಂತೆಯಲ್ಲಿ ಸಿಕ್ಕೀತೆಂದು ಹೊಸಬನು ನಿರೀಕ್ಷಿಸಿದರೆ ಆಶಾಭಂಗವಾಗುವುದು. ಆದರ್ಶಚಿತ್ರ ಯಾವುದು, ಛಾಯಾಚಿತ್ರ ಯಾವುದು ಎಂದು ಗ್ರಂಥವು ಹೇಳಬೇಕು. ಹುಂಜದ ಜೊತೆಗೆ ಹೇಂಟೆಯ ಚಿತ್ರವನ್ನೂ ಸಾಧ್ಯವಾದರೆ ಮರಿಯ ಚಿತ್ರವನ್ನೂ ಕೊಡಬೇಕು. ಹೊಸಬನು ಕೊಳ್ಳುವುದು ಹೆಚ್ಚಾಗಿ ಮರಿಯನ್ನೇ ಅಲ್ಲವೇ?

೩

ಇತಿಹಾಸವಾಕ್ಯಗಳಿಗೆ ಸಂಕೇತವು ಪ್ರಮಾಣವಾಗಲಾರದು. ತಳಿಯ ಹುಟ್ಟು ನಡೆದುಹೋದ ಸಂಗತಿ. ಅದಕ್ಕೆ ಕಂಡವರ ಸಾಕ್ಷ್ಯ ಬೇಕು, ಸಾಕ್ಷ್ಯದ ಪರೀಕ್ಷೆಯೂ ಬೇಕು. ಆಪ್ತನೆಂದರೆ ವಿಷಯವನ್ನು ಸಾಕ್ಷಾತ್ತಾಗಿ ಕಂಡು, ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನೆಂದು ವಾತ್ಸ್ಯಾಯನನು ನ್ಯಾಯಭಾಷ್ಯದಲ್ಲಿ ನಿರೂಪಿಸಿ, ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಸೇರಿಸಿರುವನು. ಪರದೇಶದ ಗ್ರಂಥವೆಂದು ತಿರಸ್ಕರಿಸುವವರೂ ಪರದೇಶದ ಗ್ರಂಥವೆಂದೇ ಪುರಸ್ಕರಿಸುವವರೂ ಈ ಮಾತನ್ನು ಮನನಮಾಡತಕ್ಕದ್ದು.

ಬ್ರಹ್ಮ ಎಂಬ ತಳಿಯ ಕಥೆ ಇದಕ್ಕೆ ಒರೆಗಲ್ಲಾಗಿದೆ. ಹೆಸರನ್ನು ಕೇಳಿದೊಡನೆ ನಮ್ಮವರಿಗೆ ಅಭಿಮಾನ ಉಕ್ಕುವುದು ಸಹಜ. ಬ್ರಹ್ಮಪುತ್ರಾ ನದಿಯ ಹೆಸರೇ ಮೊಟಕಾಗಿ ಬ್ರಹ್ಮವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೋಳಿಯು ಆ ನದಿಯ ತೀರದಿಂದ ಬಂದಿತೇ? ಭಾರತದಿಂದ ನಾವಿಕನೊಬ್ಬನು ನ್ಯೂಯಾರ್ಕಿಗೆ ತಂದ ಪಕ್ಷಿಗಳ ಸಂತತಿಯೇ ಇದು ಎಂಬುದು ಒಂದು ಪಕ್ಷ. ಚೀನದ ಶಾಂಘಾಯಿಯಿಂದ ಬಂದ ದೊಡ್ಡ ಕೋಳಿಗಳಿಂದಲೂ ಚಿತ್ತಗಾಂಗಿನ ಕಡೆಯ ಬೂದುಬಣ್ಣದ ಕೋಳಿಗಳಿಂದಲೂ ಅಮೆರಿಕದಲ್ಲಿಯೇ ಹುಟ್ಟಿದ ಸಂಕರವಿದು ಎಂಬುದು ಇನ್ನೊಂದು ಪಕ್ಷ. ಈ ವಿವಾದದ ನಡುವೆ ಬೋಸ್ಟನ್ನಿನ ಕಡೆಯ ಬರ್ನ್‌ಹ್ಯಾಮ್ ಎಂಬ ಕೋಳಿವ್ಯಾಪಾರಿಯು ೧೮೫೨ರಲ್ಲಿ ಇಂತಹ ಪಕ್ಷಿಗಳನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಕಳುಹಿಸಿದನು. ರಾಣಿಗೆ ಸಂದ ಕೋಳಿಯೆಂಬ ಕೀರ್ತಿಯಿಂದ ಬೆಲೆಯು ಗಗನಕ್ಕೇರಿತು. ಆಮೇಲೆ ೧೮೫೫ರಲ್ಲಿ ಅವನೇ ‘ಹಿಸ್ಟರಿ ಆಫ್ ದಿ ಹೆನ್ ಫೀವರ್’ ಎಂಬ ಪುಸ್ತಕವನ್ನು ಬರೆದು, ಜನರಿಗೆ ಹಿಡಿದ ಕೋಳಿಯ ಹುಚ್ಚನ್ನೂ ಹೊಸ ಹೊಸ ಹೆಸರುಗಳಿಂದ ಹಣಗಳಿಸಿದ ವ್ಯಾಪಾರಿಗಳನ್ನೂ ಹಾಸ್ಯಮಾಡಿದನು. ವ್ಯಾಪಾರಿಯೂ ಅವನೇ, ಪರಿಹಾಸಕನೂ ಅವನೇ. ಇಂತಹವನ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ಸ್ವೀಕರಿಸಬೇಕು?

ಮುಂದಿನ ವಿದ್ವಾಂಸರು ಈ ಪ್ರಶ್ನೆಯಲ್ಲಿಯೇ ಭಿನ್ನರಾದರು. ಟೆಗೆಟ್‌ಮೈಯರನು ೧೮೬೭ರ ತನ್ನ ‘ಪೌಲ್ಟ್ರಿ ಬುಕ್’ ಎಂಬ ದೊಡ್ಡ ಗ್ರಂಥದಲ್ಲಿ ಅಮೆರಿಕಸಂಭವದ ಪಕ್ಷವನ್ನು ಹಿಡಿದನು. ಲೂಯಿಸ್ ರೈಟ್ ಎಂಬವನು ೧೮೭೦ರಲ್ಲಿ ಈ ಒಂದು ತಳಿಗಾಗಿಯೇ ಪ್ರತ್ಯೇಕ ಗ್ರಂಥವನ್ನು ರಚಿಸಿ, ಬರ್ನ್‌ಹ್ಯಾಮನ ಮಾತು ನಂಬತಕ್ಕದ್ದಲ್ಲವೆಂದು ವಾದಿಸಿ ಭಾರತಸಂಭವದ ಪಕ್ಷವನ್ನು ಸಮರ್ಥಿಸಿದನು. ಈಗ ಸಾಮಾನ್ಯವಾಗಿ ಅಂಗೀಕೃತವಾಗಿರುವುದು, ಶಾಂಘಾಯಿಯ ಕೋಳಿಗಳನ್ನು ಮೂಲವಾಗಿಟ್ಟುಕೊಂಡು ಅಮೆರಿಕದಲ್ಲಿ ರೂಪುಗೊಂಡ ತಳಿಯೆಂಬ ಮೊದಲನೆಯವನ ಪಕ್ಷವೇ. ಅದರ ಬಟಾಣಿಯ ಕಾಳುಗಳನ್ನು ಮೂರು ಸಾಲಾಗಿ ಜೋಡಿಸಿದಂತಹ ತಗ್ಗಾದ ಜುಟ್ಟು ಮಾತ್ರ ಚಿತ್ತಗಾಂಗಿನ ಕಡೆಯ ರಕ್ತವನ್ನು ಸೂಚಿಸುವುದು. ಹೊಸಬನಿಗೆ ಈ ವಾದವೆಲ್ಲ ಬೇಡ. ಎರಡು ವಾಕ್ಯ ಸಾಕು. ಆದರೆ ಆ ಎರಡು ವಾಕ್ಯಗಳಲ್ಲಿ ಹೆಸರು ನದಿಯದು, ಕೋಳಿಯು ಅಮೆರಿಕದಲ್ಲಿ ಬೆಳೆದದ್ದು ಎಂಬ ಭೇದವು ಕಾಣಬೇಕು. ‘ಭಾರತದ ಪ್ರಾಚೀನ ತಳಿ’ ಎಂದು ಒಂದೇ ಉಸಿರಿನಲ್ಲಿ ಬರೆಯುವ ಕೈಪಿಡಿಯ ಕರ್ತೃವು ಹೆಸರಿನ ಆಚೆಗೆ ಏನನ್ನೂ ನೋಡಿಲ್ಲವೆಂದು ತಿಳಿಯತಕ್ಕದ್ದು.

ಕೊಚ್ಚಿನ್ ಎಂಬ ತಳಿಯಲ್ಲಿಯೂ ಇದೇ ಅಪಾಯವಿದೆ. ಕೇರಳದ ಕೊಚ್ಚಿ ಬಂದರಿಗೂ ಇದಕ್ಕೂ ಸಂಬಂಧವಿಲ್ಲ. ಈಗಿನ ವಿಯೆಟ್ನಾಮಿನ ದಕ್ಷಿಣಭಾಗಕ್ಕೆ ಐರೋಪ್ಯರು ಕೊಚ್ಚಿನ್‌ಚೀನವೆಂದು ಹೆಸರಿಟ್ಟಿದ್ದರು. ಆ ಹೆಸರನ್ನು ಚೀನದಿಂದ ಬಂದ ಕೋಳಿಗೆ ತಪ್ಪಾಗಿ ಅಂಟಿಸಿದರು. ಇದಕ್ಕೆ ವಿರುದ್ಧವಾಗಿ ಆರ್ಪಿಂಗ್‌ಟನ್ ತಳಿಯ ಇತಿಹಾಸವು ನಿಃಸಂದಿಗ್ಧ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಆರ್ಪಿಂಗ್‌ಟನ್ನಿನಲ್ಲಿ ವಿಲಿಯಂ ಕುಕ್ ಎಂಬವನು ಮಿನೋರ್ಕ, ಲ್ಯಾಂಗ್‌ಶಾನ್, ಪ್ಲೈಮೌತ್ ರಾಕ್ ಇವುಗಳ ಸಂಕರದಿಂದ ೧೮೮೬ರಲ್ಲಿ ಕಪ್ಪು ಆರ್ಪಿಂಗ್‌ಟನ್ನನ್ನು ಹೊರತಂದನು. ಒಳ್ಳೆಯ ಗ್ರಂಥವು ಬ್ರಹ್ಮದ ವಿಷಯದಲ್ಲಿ ‘ಎಂದು ಹೇಳುವರು’ ಎಂಬ ಮಾತನ್ನೂ ಆರ್ಪಿಂಗ್‌ಟನ್ನಿನ ವಿಷಯದಲ್ಲಿ ಖಚಿತವಾದ ಮಾತನ್ನೂ ಬಳಸುವುದು. ಈ ಕ್ರಿಯಾಪದಗಳ ಭೇದವನ್ನು ಗಮನಿಸುವುದು ಭಾಷೋಪಾಧ್ಯಾಯನಿಗೆ ಕಷ್ಟವಲ್ಲ.

ಇನ್ನು ಕೋಳಿಯ ಕುಲಮೂಲವನ್ನು ಕುರಿತು. ಡಾರ್ವಿನನು ೧೮೬೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸಾಕುಕೋಳಿಗಳೆಲ್ಲ ಕೆಂಪು ಕಾಡುಕೋಳಿಯೊಂದರಿಂದಲೇ ಬಂದುವೆಂದು ಪ್ರತಿಪಾದಿಸಿದನು. ಈ ಕೆಲಸದಲ್ಲಿ ಅವನಿಗೆ ನೆರವಾದವರಲ್ಲಿ ಟೆಗೆಟ್‌ಮೈಯರನೂ ಒಬ್ಬನು. ಆ ಸಿದ್ಧಾಂತವು ಮುಖ್ಯಾಂಶದಲ್ಲಿ ಇಂದಿಗೂ ನಿಂತಿದೆ. ಆದರೆ ಹಳದಿಯ ಕಾಲುಗಳಿಗೆ ಕಾರಣವಾದ ಬೀಜಾಂಶವು ಕೆಂಪು ಕಾಡುಕೋಳಿಯದಲ್ಲ, ಬೂದು ಕಾಡುಕೋಳಿಯದು ಎಂದು ೨೦೦೮ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಬೂದು ಕಾಡುಕೋಳಿಯು ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ ಕೂಗುವ ಪಕ್ಷಿ. ಲೆಗ್‌ಹಾರ್ನಿಗೂ ಪ್ಲೈಮೌತ್ ರಾಕಿಗೂ ರೋಡ್ ಐಲೆಂಡ್ ರೆಡ್ಡಿಗೂ ಬ್ರಹ್ಮಕ್ಕೂ ಹಳದಿಯ ಕಾಲಿರಬೇಕೆಂದು ಪಾಶ್ಚಾತ್ಯರ ಲಕ್ಷಣಗ್ರಂಥವು ವಿಧಿಸುವಾಗ, ಭಾರತದ ಕಾಡುಕೋಳಿಯ ಬಳುವಳಿಯನ್ನೇ ಅದು ಅರಿಯದೆ ವಿಧಿಸುತ್ತಿದ್ದಿತು. ಬ್ರಹ್ಮವೆಂಬ ಹೆಸರಿನಲ್ಲಿ ನಾವು ಹುಡುಕಿದ ಸಂಬಂಧವು ಅದರ ಕಾಲಿನಲ್ಲಿ ದೊರೆಯಿತು. ೨೦೦೮ರ ಅನಂತರ ಮುದ್ರಿತವಾದ ಕೈಪಿಡಿಯಲ್ಲಿ ಈ ವಿಷಯದ ಸುಳಿವಾದರೂ ಇದೆಯೇ ಎಂದು ನೋಡಿದರೆ, ಅದು ನಿಜವಾಗಿ ಪರಿಷ್ಕೃತವಾದುದೋ ಹಳೆಯ ಹೊತ್ತಗೆಗೆ ಹೊಸ ರಕ್ಷಾಪುಟವನ್ನು ಹೊದಿಸಿದುದೋ ಎಂಬುದು ತಿಳಿಯುವುದು.

೪

ಮೂರನೆಯದು ಗುಣವಾಕ್ಯ. ಹೊಸಬನಿಗೆ ಬೇಕಾದುದು ಮುಖ್ಯವಾಗಿ ಇದೇ. ಗ್ರಂಥಕಾರರು ಜಾರುವುದೂ ಇಲ್ಲಿಯೇ. ಮೀಮಾಂಸಕರು ವಿಧಿವಾಕ್ಯವನ್ನೂ ಸ್ತುತಿಪರವಾದ ಅರ್ಥವಾದವನ್ನೂ ಬೇರೆಮಾಡಿ ತೋರಿಸಿದ್ದಾರೆ. ‘ಸೌಮ್ಯಸ್ವಭಾವದ್ದು, ಮಕ್ಕಳಿಗೆ ಪ್ರಿಯವಾದುದು, ಹೇರಳವಾಗಿ ಮೊಟ್ಟೆಯಿಡುವುದು’ ಎಂಬಂತಹ ವಾಕ್ಯಗಳು ಪ್ರತಿಯೊಂದು ತಳಿಯ ಕೆಳಗೂ ಕಂಡರೆ ಅವು ಅರ್ಥವಾದಗಳೆಂದೇ ತಿಳಿಯಬೇಕು. ದೋಷವನ್ನು ಹೇಳದವನ ಗುಣವರ್ಣನೆಗೆ ಬೆಲೆಯಿಲ್ಲ. ಮರಿಯನ್ನು ಮಾರುವವನೇ ಬರೆಯಿಸಿದ ಪುಸ್ತಕವಾದರಂತೂ ಆಪ್ತಲಕ್ಷಣದ ಎರಡನೆಯ ಅಂಶ, ಎಂದರೆ ಕಂಡಂತೆ ತಿಳಿಸುವ ಇಚ್ಛೆ, ಸಂದಿಗ್ಧವಾಗುವುದು.

ಮೊಟ್ಟೆಗಳ ಸಂಖ್ಯೆಯನ್ನು ತೆಗೆದುಕೊಳ್ಳೋಣ. ‘ಲೆಗ್‌ಹಾರ್ನ್ ವರ್ಷಕ್ಕೆ ೩೦೦ ಮೊಟ್ಟೆಯಿಡುವುದು’ ಎಂಬ ವಾಕ್ಯವು ವ್ಯಾಪಾರಕ್ಕಾಗಿ ಹಲವು ತಲೆಮಾರು ಆರಿಸಿ ಬೆಳೆಸಿದ ಸಾಲುಗಳಲ್ಲಿ ಸತ್ಯ. ಪ್ರದರ್ಶನಕ್ಕಾಗಿ ಗರಿಯನ್ನೂ ಜುಟ್ಟನ್ನೂ ನೋಡಿ ಬೆಳೆಸಿದ ಲೆಗ್‌ಹಾರ್ನಿನಲ್ಲಿ ಅಷ್ಟು ಮೊಟ್ಟೆಯನ್ನು ನಿರೀಕ್ಷಿಸಲಾಗದು. ತಳಿ ಒಂದೇ, ಲಕ್ಷಣ ಒಂದೇ, ಸಾಲು ಬೇರೆ. ಆದುದರಿಂದ ಗುಣವು ತಳಿಯ ಧರ್ಮವೆನ್ನುವುದಕ್ಕಿಂತ ಸಾಲಿನ ಧರ್ಮವೆನ್ನುವುದು ಯುಕ್ತತರ. ಮೇವು, ಬೆಳಕು, ವಯಸ್ಸು ಇವುಗಳೂ ಅದರಲ್ಲಿ ಪಾಲುಗೊಳ್ಳುವುವು. ಸಂಖ್ಯೆಯನ್ನು ಒಂದೇ ಅಂಕವಾಗಿ ಕೊಡದೆ ಇಷ್ಟರಿಂದ ಇಷ್ಟರವರೆಗೆ ಎಂದು ಕೊಟ್ಟು, ಯಾವ ಬಗೆಯ ಹಿಂಡಿನಲ್ಲಿ ಎಂದು ಸೂಚಿಸಿದ ಗ್ರಂಥವು ಹೆಚ್ಚು ನಂಬತಕ್ಕದ್ದು.

ಗುಣವು ದೇಶಾಧೀನವೂ ಹೌದು. ಬ್ರಿಟನ್ ಅಮೆರಿಕಗಳ ಕೈಪಿಡಿಗಳು ಬ್ರಹ್ಮವನ್ನು ಚಳಿಗೆ ಜಗ್ಗದ ಕೋಳಿಯೆಂದು ಹೊಗಳುವುವು. ತಗ್ಗಾದ ಜುಟ್ಟಿಗೆ ಹಿಮದ ಹೊಡೆತ ಕಡಮೆ. ದಟ್ಟವಾದ ಗರಿಯು ಕಾಲನ್ನೂ ಮುಚ್ಚಿರುವುದು. ಅಲ್ಲಿ ಇದು ಗುಣವೇ ಸರಿ. ಅದೇ ಕೋಳಿಯನ್ನು ರಾಯಚೂರಿನ ಬೇಸಗೆಯಲ್ಲಿಟ್ಟರೆ ಆ ದಟ್ಟಗರಿಯೇ ಭಾರವಾಗುವುದು. ತೀರ್ಥಹಳ್ಳಿಯ ಮಳೆಗಾಲದ ಕೆಸರಿನಲ್ಲಿ ಬಿಟ್ಟರೆ ಕಾಲಿನ ಗರಿಯು ಒಣಗುವುದೇ ಇಲ್ಲ. ಲೆಗ್‌ಹಾರ್ನಿನ ದೊಡ್ಡ ಒಂಟಿಜುಟ್ಟು ಹಿಮದೇಶದಲ್ಲಿ ದೋಷ. ಸೆಕೆಯ ದೇಶದಲ್ಲಿ ಅದು ಮೈಯ ಕಾವನ್ನು ಹೊರಚೆಲ್ಲುವ ಸಾಧನ. ‘ಚಳಿಗಾಲದಲ್ಲಿಯೂ ಮೊಟ್ಟೆಯಿಡುವುದು’ ಎಂಬ ಪ್ರಶಂಸೆಯನ್ನೂ ಹೀಗೆಯೇ ತೂಗಬೇಕು. ಹಗಲು ಕುಗ್ಗಿದಾಗ ಕೋಳಿಯ ಮೊಟ್ಟೆ ಕಡಮೆಯಾಗುವುದು. ಬೋಸ್ಟನ್ನಿನಲ್ಲಿ ಡಿಸೆಂಬರಿನ ಹಗಲು ಸುಮಾರು ೯ ಗಂಟೆ. ಬೆಂಗಳೂರಿನಲ್ಲಿ ೧೧ ಗಂಟೆಗೂ ಮೇಲೆ. ಅಲ್ಲಿ ಅಪರೂಪವಾದ ಗುಣಕ್ಕೆ ಇಲ್ಲಿ ಅಷ್ಟು ಬೆಲೆ ಕೊಡಬೇಕಾದುದಿಲ್ಲ.

ಲಕ್ಷಣವೂ ಗುಣವೂ ದೇಶಭೇದದಿಂದ ಒಟ್ಟಿಗೆ ಬದಲಾಗುವುದಕ್ಕೆ ನಮ್ಮ ಅಸೀಲ್ ಕೋಳಿಯನ್ನು ನೋಡಬಹುದು. ಆಂಧ್ರಪ್ರದೇಶ, ಛತ್ತೀಸಗಢ, ಒಡಿಶಾ ಪ್ರಾಂತಗಳಲ್ಲಿ ಪ್ರಸಿದ್ಧವಾದ ಈ ಕಾದಾಟದ ಕೋಳಿಯ ಹುಂಜವು ೪ರಿಂದ ೫ ಕಿಲೋಗ್ರಾಂ ತೂಗುವುದೆಂದು ನಮ್ಮಲ್ಲಿಯ ಪುಸ್ತಕಗಳು ಹೇಳುತ್ತವೆ. ಬ್ರಿಟನ್ನಿನ ಲಕ್ಷಣಗ್ರಂಥವು ಇದರ ಚಿಕ್ಕ ಸಾಲಾದ ರೇಜಾವನ್ನು ಹಿಡಿದು ೬ ಪೌಂಡಿಗೆ, ಎಂದರೆ ೩ ಕಿಲೋಗ್ರಾಮಿಗೂ ಕಡಮೆಯಾದ ತೂಕಕ್ಕೆ ಹುಂಜವನ್ನು ನಿಲ್ಲಿಸಿದೆ. ಎ‌ರಡೂ ಸತ್ಯವೇ, ವಿಷಯ ಮಾತ್ರ ಬೇರೆ. ಒಂದರ ಅಂಕವನ್ನು ಇನ್ನೊಂದರ ಚಿತ್ರದ ಕೆಳಗೆ ಅಚ್ಚುಹಾಕಿದರೆ ಎರಡೂ ಅಸತ್ಯವಾಗುವುವು. ಇದೇ ಅಸೀಲಿನ ರಕ್ತವು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ‘ಇಂಡಿಯನ್ ಗೇಮ್’ ಎಂಬ ತಳಿಯಾಗಿ, ಅಮೆರಿಕದಲ್ಲಿ ಕಾರ್ನಿಷ್ ಎಂಬ ಹೆಸರನ್ನು ತಳೆದು, ಪ್ಲೈಮೌತ್ ರಾಕಿನೊಡನೆ ಬೆರೆತು, ಜಗತ್ತಿನ ಮಾಂಸದ ಕೋಳಿಗಳಿಗೆಲ್ಲ ಮೂಲಗಳಲ್ಲಿ ಒಂದಾಯಿತು. ಆದರೂ ಹೊಸಬನಿಗೆ ಅಸೀಲು ತಕ್ಕುದಲ್ಲ. ಅದಕ್ಕೆ ಮೊಟ್ಟೆ ಸ್ವಲ್ಪ, ಕಾದುವ ಸ್ವಭಾವ ಬಲವತ್ತರ. ಎರಡು ಹುಂಜಗಳನ್ನು ಒಂದೇ ಗೂಡಿನಲ್ಲಿ ಬಿಡುವಂತಿಲ್ಲ. ಕೀರ್ತಿಯನ್ನು ಹೇಳಿ ಈ ಮಾತನ್ನು ಹೇಳದ ಗ್ರಂಥವು ಹೊಸಬನಿಗೆ ಮಿತ್ರವಲ್ಲ.

೫

ಇಲ್ಲಿ ಪೂರ್ವಪಕ್ಷವೊಂದುಂಟು. ಹೊಸಬನಿಗೆ ಬೇಕಾದುದು ನಾಲ್ಕು ಕೋಳಿಗಳ ಪರಿಚಯ ಮಾತ್ರ. ಪ್ರಮಾಣವಿಚಾರ, ವಾಕ್ಯಭೇದಗಳ ಗೊಡವೆ ಅವನಿಗೇಕೆ? ಕಲಿತವನು ಮುಂದೆ ತಾನೇ ತಿದ್ದಿಕೊಳ್ಳುವನು ಎಂದು ಕೆಲವರು ಹೇಳಿಯಾರು. ಇದಕ್ಕೆ ಸಮಾಧಾನ: ತಿಳಿದವನಿಗೆ ಗ್ರಂಥದ ದೋಷವು ದೋಷವೆಂದು ಕಾಣುವುದು, ಅವನು ಅದನ್ನು ದಾಟಿ ಹೋಗುವನು. ಹೊಸಬನಿಗೆ ಗ್ರಂಥವೊಂದೇ ಕಣ್ಣು. ಆದುದರಿಂದ ಪಂಡಿತರಿಗಾಗಿ ಬರೆದ ಗ್ರಂಥಕ್ಕಿಂತ ಬಾಲರಿಗಾಗಿ ಬರೆದ ಗ್ರಂಥದಲ್ಲಿಯೇ ವಿವೇಕವು ಹೆಚ್ಚಾಗಿ ಬೇಕು. ತರ್ಕಶಾಸ್ತ್ರದ ಬಾಲಬೋಧೆಯಾದ ತರ್ಕಸಂಗ್ರಹವು ಲಕ್ಷಣಶುದ್ಧಿಯಲ್ಲಿ ಯಾವ ಪ್ರೌಢಗ್ರಂಥಕ್ಕೂ ಕಡಮೆಯಾಗಿಲ್ಲವೆಂಬುದನ್ನು ನೆನೆಯತಕ್ಕದ್ದು.

ಕನ್ನಡದಲ್ಲಿ ಇಂತಹ ಗ್ರಂಥಗಳನ್ನು ಬರೆಯುವವರೂ ಅನುವಾದಿಸುವವರೂ ಎಚ್ಚರಿಕೆಯಿಂದ ಬಳಸಬೇಕಾದ ಪದವೊಂದಿದೆ, ಅದು ‘ತಳಿ’. ಇಂಗ್ಲಿಷಿನವರು ಬ್ರೀಡ್, ವೆರೈಟಿ, ಸ್ಟ್ರೇನ್, ಹೈಬ್ರಿಡ್ ಎಂದು ನಾಲ್ಕಾಗಿ ಒಡೆದ ಅರ್ಥಗಳನ್ನೆಲ್ಲ ನಾವು ‘ತಳಿ’ ಎಂಬ ಒಂದೇ ಪದದ ಮೇಲೆ ಹೇರಿದ್ದೇವೆ. ಲೆಗ್‌ಹಾರ್ನ್ ತಳಿ, ಕಂದು ಲೆಗ್‌ಹಾರ್ನ್ ಅದರ ಪ್ರಭೇದ, ಒಬ್ಬ ತಳಿಗಾರನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಹಿಂಡು ಅದರ ಸಾಲು, ಎರಡು ತಳಿಗಳನ್ನು ಕೂಡಿಸಿ ಪಡೆದದ್ದು ಸಂಕರ. ರೋಡ್ ಐಲೆಂಡ್ ರೆಡ್ ಹುಂಜವನ್ನೂ ಪಟ್ಟೆಗರಿಯ ಪ್ಲೈಮೌತ್ ರಾಕ್ ಹೇಂಟೆಯನ್ನೂ ಕೂಡಿಸಿದರೆ ಮರಿಯು ಹೊರಬಂದ ದಿನವೇ ಬಣ್ಣದಿಂದ ಹೆಣ್ಣು ಗಂಡುಗಳನ್ನು ಗುರುತಿಸಬಹುದು. ಆ ಮರಿಗಳನ್ನು ಬೆಳೆಸಿ ತಮ್ಮತಮ್ಮಲ್ಲಿ ಕೂಡಿಸಿದರೆ ಈ ಅನುಕೂಲ ನಿಲ್ಲುವುದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗಾಗಿಯೇ ರೂಪಿಸಲ್ಪಟ್ಟ ಗಿರಿರಾಜ, ಸ್ವರ್ಣಧಾರ ಎಂಬ ಕೋಳಿಗಳು ನಮ್ಮ ನಾಡಿಗೆ ಉಪಕಾರಕವಾದುವು. ಆದರೆ ಅವೂ ಬೇರೆ ಬೇರೆ ಸಾಲುಗಳನ್ನು ಕೂಡಿಸಿ ಪಡೆದ ಸಂಕರಗಳು. ಮನೆಯಲ್ಲಿಯೇ ಅವುಗಳ ಮೊಟ್ಟೆಗೆ ಕಾವು ಕೊಡಿಸಿ ಪಡೆದ ಮರಿಗಳಲ್ಲಿ ತಾಯಿತಂದೆಗಳ ಗುಣವೆಲ್ಲ ಹಾಗೆಯೇ ಬಂದೀತೆಂದು ಭಾವಿಸಬಾರದು. ಪುಸ್ತಕದಲ್ಲಿ ಇವನ್ನೂ ಕಡಕ್‌ನಾಥನ್ನೂ ‘ತಳಿ’ ಎಂಬ ಒಂದೇ ಶೀರ್ಷಿಕೆಯಲ್ಲಿ ಭೇದವಿಲ್ಲದೆ ಸೇರಿಸಿದರೆ ಹೊಸಬನು ಎರಡನೆಯ ತಲೆಮಾರಿನಲ್ಲಿ ಮೋಸಹೋಗುವನು. ಹೋದದ್ದು ಯಾರಿಂದ ಎಂಬುದೂ ಅವನಿಗೆ ತಿಳಿಯದು. ತಳಿ, ಪ್ರಭೇದ, ಸಾಲು, ಸಂಕರ ಎಂಬ ನಾಲ್ಕು ಪದಗಳನ್ನು ಬೇರೆ ಬೇರೆಯಾಗಿ ನಿಲ್ಲಿಸಿಕೊಳ್ಳುವುದು ಕನ್ನಡಿಗರಾದ ನಮ್ಮ ಕೈಯಲ್ಲಿಯೇ ಇದೆ. ಇದರಲ್ಲಿ ಭಾಷೋಪಾಧ್ಯಾಯರ ಸಹಾಯವು ಪಶುವೈದ್ಯರ ಸಹಾಯದಷ್ಟೇ ಅವಶ್ಯಕ.

೬

ಇಷ್ಟರಿಂದ ನಿರ್ಣಯವನ್ನು ಸಂಗ್ರಹಿಸಬಹುದು. ಅಮೆರಿಕ ಬ್ರಿಟನ್ನುಗಳ ಲಕ್ಷಣಗ್ರಂಥಗಳು ಲಕ್ಷಣದಲ್ಲಿ ಪ್ರಮಾಣ. ಆದರೆ ಅವು ಪ್ರದರ್ಶನದ ತೀರ್ಪುಗಾರನಿಗಾಗಿ ಬರೆದುವು, ಹೊಸಬನ ಮೊದಲನೆಯ ಓದಿಗೆ ತಕ್ಕುವಲ್ಲ. ಕೇರೊಲ್ ಎಕೇರಿಯಸ್ ಎಂಬ ವಿದುಷಿಯು ೨೦೦೭ರಲ್ಲಿ ಪ್ರಕಟಿಸಿದ ಸಚಿತ್ರ ಕೈಪಿಡಿಯಂತಹವು ಪರಿಚಯಕ್ಕೆ ಸುಲಭವಾದುವು. ಕೋಳಿಯಲ್ಲದೆ ಬಾತು, ಹೆಬ್ಬಾತು, ಟರ್ಕಿಗಳಿಂದ ಉಷ್ಟ್ರಪಕ್ಷಿಯವರೆಗೆ ಹಬ್ಬಿರುವ ಆ ಗ್ರಂಥದ ದೃಷ್ಟಿ ಅಮೆರಿಕದ್ದು. ಅದರ ಗುಣವಾಕ್ಯಗಳನ್ನು ನಮ್ಮ ಬಿಸಿಲು ಮಳೆಗಳಿಗೆ ಹೊಂದಿಸಿ ಓದಬೇಕು. ಹಳೆಯ ಕಾಲದ ಟೆಗೆಟ್‌ಮೈಯರ್, ರೈಟ್ ಇವರ ಗ್ರಂಥಗಳು ಇತಿಹಾಸಜಿಜ್ಞಾಸುಗಳಿಗೆ ರತ್ನಪ್ರಾಯವಾದುವು, ಸಾಕಣೆಗೆ ಮಾರ್ಗದರ್ಶಕವಾಗಲಾರವು. ನಮ್ಮ ದೇಶದ ತಳಿಗಳಿಗೆ ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಕೇಂದ್ರದ ದಾಖಲೆಯೇ ಲಕ್ಷಣಸ್ಥಾನೀಯ. ಅಸೀಲ್, ಕಡಕ್‌ನಾಥುಗಳಂತೆ ಕೋಲಾರದ ಕಡೆಯಲ್ಲಿಯೂ ಕಾಣಬರುವ ಘಾಗಸ್ ಕೋಳಿಯು ಅಲ್ಲಿ ನೋಂದಾಯಿತವಾಗಿದೆ. ಭಾರತೀಯ ತಳಿಗಳನ್ನು ಹೇಳುವ ಕೈಪಿಡಿಯು ಆ ದಾಖಲೆಯನ್ನು ನೋಡಿ ಬರೆದುದಾಗಿರಬೇಕು.

ಪುಸ್ತಕವನ್ನು ಆರಿಸಬೇಕಾದ ಉಪಾಧ್ಯಾಯನು ಇಡೀ ಗ್ರಂಥವನ್ನು ಓದಲಾರನು, ಓದಬೇಕಾದುದೂ ಇಲ್ಲ. ಮೂರು ಪುಟಗಳು ಸಾಕು. ಅರೌಕಾನದ ಪುಟವನ್ನು ತೆರೆದರೆ ಗ್ರಂಥಕಾರನ ಲಕ್ಷಣಶುದ್ಧಿಯು ತಿಳಿಯುವುದು. ಬ್ರಹ್ಮದ ಪುಟವನ್ನು ತೆರೆದರೆ ಅವನ ಇತಿಹಾಸವಿವೇಕವು ತಿಳಿಯುವುದು. ಲೆಗ್‌ಹಾರ್ನಿನ ಪುಟದಲ್ಲಿ ಮೊಟ್ಟೆಯ ಅಂಕವನ್ನು ಹೇಗೆ ಕೊಟ್ಟಿರುವನೆಂದು ನೋಡಿದರೆ ಅವನ ಗುಣವಾಕ್ಯಗಳ ತೂಕವು ತಿಳಿಯುವುದು. ಭಾರತೀಯ ತಳಿಗಳ ಪುಸ್ತಕವಾದರೆ ಅರೌಕಾನಕ್ಕೆ ಬದಲಾಗಿ ಕಡಕ್‌ನಾಥನ್ನೂ ಬ್ರಹ್ಮಕ್ಕೆ ಬದಲಾಗಿ ಅಸೀಲನ್ನೂ ಲೆಗ್‌ಹಾರ್ನಿಗೆ ಬದಲಾಗಿ ಗಿರಿರಾಜವನ್ನೂ ಇಟ್ಟುಕೊಂಡರಾಯಿತು. ಮೂರರಲ್ಲಿಯೂ ತೇರ್ಗಡೆಯಾದ ಗ್ರಂಥವನ್ನು ಚಿತ್ರಗಳು ಕಡಮೆಯಿದ್ದರೂ ಕೊಳ್ಳಬಹುದು. ಎರಡರಲ್ಲಿ ತೇರ್ಗಡೆಯಾದುದನ್ನು ಉಪಾಧ್ಯಾಯನು ಅಂಚಿನಲ್ಲಿ ಟಿಪ್ಪಣಿ ಬರೆದು ಕೊಡಬಹುದು. ಒಂದರಲ್ಲಿಯೂ ನಿಲ್ಲದ ಗ್ರಂಥಕ್ಕೆ ಪುಸ್ತಕಭಂಡಾರದ ಹಣವನ್ನು ವೆಚ್ಚಮಾಡಲಾಗದು. ಅಲಮತಿವಿಸ್ತರೇಣ.